‘ಬಿಡುಗಡೆ’ ಅಂದೆಯಲ್ಲ, ದೋಸ್ತಾ

ಪ್ರೀತಿಯ ದೋಸ್ತಾ,

ಮೊನ್ನೆ ಫೋನಿನಲ್ಲಿ ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕ ಸುದ್ದಿ ಹೇಳಿದಾಗ ನೀನು ಎಷ್ಟು ಖುಷಿಪಟ್ಟೆ! ನಿನ್ನ ದನಿ ಕೇಳಿಯೇ ನನಗೆ ಅರ್ಧ ಧೈರ್ಯ ಬಂತು. ಆದರೆ ಕಡೆಗೆ ಒಂದು ಮಾತು ಅಂದೆ: ‘ಅಂತೂ ಅಲ್ಲಿಂದ ಬಿಡುಗಡೆ ಆತಲ್ಲಪಾ.’ ನಾನೂ ಹೂಂ ಅಂದೆ. ಫೋನ್ ಇಟ್ಟ ಮೇಲೆ ಆ ಮಾತು ಹೋಗಲೇ ಇಲ್ಲ. ಮರುದಿನ ರೈಲಿನಲ್ಲೂ ಅದೇ ತಲೆಯಲ್ಲಿ ಕೂತಿತ್ತು. ಬಿಡುಗಡೆ ಅಂದರೆ ಯಾವುದರಿಂದ? ಬಾಯಿಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಹೋದವರು, ಹೋಗಲಿರುವವರು ಇನ್ನೂ ಎಷ್ಟೋ ಮಂದಿ ಇದ್ದಾರೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಸಿಟ್ಟಾಗಬೇಡ.

ನೀನು ಬಿ.ಕಾಂ. ಮುಗಿಸಿದ ವರ್ಷವೇ ಬೆಂಗಳೂರಿಗೆ ಹೋದೆ. ಆಮೇಲೆ ಹುಬ್ಬಳ್ಳಿಯ ಆಡಿಟರ್ ಆಫೀಸಿನಲ್ಲಿ ನನ್ನ ನಾಲ್ಕು ವರ್ಷ ಹೇಗೆ ಕಳೆಯಿತು ಅಂತ ನಿನಗೆ ಸರಿಯಾಗಿ ಗೊತ್ತಿಲ್ಲ. ಹಬ್ಬಕ್ಕೆ ಬಂದಾಗ ‘ಏನ್ ನಡದೈತಿ’ ಅಂತ ಕೇಳುತ್ತಿದ್ದೆ. ‘ಅದ, ಹುಬ್ಬಳ್ಳಿ, ಆಫೀಸು’ ಅನ್ನುತ್ತಿದ್ದೆ. ಮಾತು ಅಷ್ಟಕ್ಕೇ ಮುಗಿಯುತ್ತಿತ್ತು.

ಬೆಳಿಗ್ಗೆ ಅವ್ವ ಏಳುವುದು ನನಗಿಂತ ಒಂದು ತಾಸು ಮೊದಲು. ಗದಗ-ಬೆಟಗೇರಿಯ ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಕೇಳುವುದು ರೊಟ್ಟಿ ಬಡಿಯುವ ಸಪ್ಪಳ. ನಮ್ಮ ಮನೆಯದು ನಿಂತರೆ ಬಾಜೂ ಮನೆಯದು ಶುರು. ನಾಲ್ಕು ರೊಟ್ಟಿ, ಒಂದು ಪಲ್ಯ, ಶೇಂಗಾ ಹಿಂಡಿ, ಸಣ್ಣ ಡಬ್ಬಿಯಲ್ಲಿ ಗಟ್ಟಿ ಮೊಸರು. ನಾಲ್ಕರಲ್ಲಿ ಎರಡು ನನಗೆ, ಎರಡು ರೈಲಿನವರಿಗೆ. ಇದು ಅವ್ವನ ಲೆಕ್ಕ. ‘ಮಂದಿ ಬುತ್ತಿಗೆ ಕೈ ಹಾಕೋ ಮುಂದ ನಿನ್ನ ಬುತ್ತ್ಯಾಗೂ ಏನರ ಇರಬೇಕು’ ಅನ್ನುತ್ತಾಳೆ.

ಗದಗದಿಂದ ಹುಬ್ಬಳ್ಳಿಗೆ ಸುಮಾರು 58 ಕಿಲೋಮೀಟರ್. ಬೆಳಗಿನ ಪ್ಯಾಸೆಂಜರ್‌ನಲ್ಲಿ ತಿಂಗಳ ಪಾಸಿನವರೆಲ್ಲ ಒಂದೇ ಬೋಗಿ ಹತ್ತುತ್ತೇವೆ. ಒಬ್ಬರು ಹೈಸ್ಕೂಲ್ ಮಾಸ್ತರು, ಒಬ್ಬರು ಬ್ಯಾಂಕಿನವರು, ಇಬ್ಬರು ನರ್ಸ್ ಅಕ್ಕಂದಿರು, ಮೊಬೈಲ್ ರಿಪೇರಿ ಕಲಿಯುವ ಒಬ್ಬ ಹುಡುಗ. ಹುಲಕೋಟಿಯಲ್ಲಿ ಇನ್ನಿಬ್ಬರು ಹತ್ತುತ್ತಾರೆ. ಕರವಸ್ತ್ರ ಹಾಸಿ ಅವರಿಗೆ ಜಾಗ ಹಿಡಿಯುವುದು ನನ್ನ ಕೆಲಸ. ಅಣ್ಣಿಗೇರಿ ಬರುವಷ್ಟರಲ್ಲಿ ಬುತ್ತಿ ಬಿಚ್ಚಿರುತ್ತದೆ. ಹೋದ ವರ್ಷ ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿದೆವಲ್ಲ, ಆಗ ಒಬ್ಬ ನರ್ಸ್ ಅಕ್ಕ ತಿಂಗಳಿಡೀ ದಿನಾ ಕೇಳಿದರು: ‘ಹನಿ ಹಾಕಿದ್ರಿಲ್ಲೋ? ಕೈ ತೊಳಕೊಂಡು ಹಾಕಿದ್ರಿಲ್ಲೋ?’ ಅವರ ಮನೆ ಎಲ್ಲಿ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ನಮ್ಮ ಅಪ್ಪನ ಕಣ್ಣಿನ ಲೆಕ್ಕ ಅವರ ಹತ್ತಿರ ಇತ್ತು.

ಇನ್ನು ಕಿಟಕಿ. ಗದಗ ಬಿಟ್ಟರೆ ಕುಸುಗಲ್ಲಿನವರೆಗೂ ಎರಿ ಹೊಲ, ಕಪ್ಪು ಮಣ್ಣು. ಮೊದಲ ವರ್ಷ ನಾನು ಸುಮ್ನೆ ನೋಡುತ್ತಿದ್ದೆ, ಏನೂ ತಿಳಿಯುತ್ತಿರಲಿಲ್ಲ. ಮಾವನ ಹೊಲ ಇದ್ದರೂ ನಾನು ಓಣಿಯಲ್ಲಿ ಬೆಳೆದವನು, ನಿನಗೆ ಗೊತ್ತಲ್ಲ. ಎರಡನೇ ವರ್ಷದ ಹೊತ್ತಿಗೆ ಒಂದು ವಿಷಯ ಹೊಳೆಯಿತು. ಮಳೆಗಾಲದ ಕಡೆಗೆ ಅಣ್ಣಿಗೇರಿ ಸುತ್ತ ಹೆಸರುಕಾಯಿ ಬಿಡಿಸುತ್ತಿದ್ದರೆ, ಸ್ವಲ್ಪ ದಿನಕ್ಕೆ ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆಯ ದಲಾಲಿ ಅಂಗಡಿಗಳಿಂದ ಹೆಸರುಕಾಳಿನ ಬಿಲ್ಲಿನ ಕಟ್ಟು ನಮ್ಮ ಆಫೀಸಿಗೆ ಬರುತ್ತಿತ್ತು. ಹೊಲದಲ್ಲಿ ಹತ್ತಿ ಬಿಳಿ ಕಂಡರೆ ಅದರ ಹಿಂದೆಯೇ ಹತ್ತಿ ಮೂಟೆಗಳ ಬಿಲ್ಲು. ಮಳೆ ಕೈ ಕೊಟ್ಟ ವರ್ಷ ಕಟ್ಟು ಸಣ್ಣದು. ಕಿಟಕಿಯಲ್ಲಿ ಕಂಡ ಬೆಳೆ ತಿಂಗಳು ಎರಡು ತಿಂಗಳಿಗೆ ಕಾಗದವಾಗಿ ನನ್ನ ಟೇಬಲ್ಲಿಗೆ ಬಂದು ಬೀಳುತ್ತಿತ್ತು. ಇದು ಗೊತ್ತಾದ ದಿನ ನನಗಾದ ಖುಷಿ ಇನ್ನೂ ನೆನಪಿದೆ. ಅಲ್ಲಿಯವರೆಗೆ ನಾನು ಅಂಕಿ ಕೂಡಿಸುತ್ತಿದ್ದೆ ಅಷ್ಟೆ. ಅವತ್ತಿನಿಂದ ಒಂದು ಸಾಲು ಟೈಪ್ ಮಾಡುವಾಗ ಅದರ ಹಿಂದಿನ ಹೊಲ ಕಾಣತೊಡಗಿತು.

ಈಗ ಜನವರಿ. ಕಡಲೆ ಕಾಯಿ ಕಟ್ಟಿದೆ, ಜೋಳದ ತೆನೆಯಲ್ಲಿ ಹಾಲುಗಾಳು. ಮೊನ್ನೆ ಮಾವ ಸುಲಗಾಯಿ, ಅಂದರೆ ಹಸಿ ಕಡಲೆ, ಸುಟ್ಟು ಕಳಿಸಿದ್ದ. ಅದನ್ನು ರೈಲಿಗೆ ಒಯ್ದೆ. ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಎಲ್ಲರ ಬೆರಳೂ ಕಪ್ಪು. ಬ್ಯಾಂಕಿನವರು ಅದೇ ಕೈಯಲ್ಲಿ ಆಫೀಸಿಗೆ ಹೋದರು.

ಆಫೀಸಿನ ಬಗ್ಗೆ ಹೇಳಬೇಕೆಂದರೆ ಮೊದಲು ಮುನೀಮ ಕಾಕಾನ ಬಗ್ಗೆ ಹೇಳಬೇಕು. ನಮ್ಮ ಆಡಿಟರ್ ಸಾಹೇಬರಿಗಿಂತ ಅವರ ವಯಸ್ಸು ಜಾಸ್ತಿ. ಮೊದಲು ಒಂದು ಅರಳೆ ವ್ಯಾಪಾರಿಯ ಪೇಢಿಯಲ್ಲಿ ಕೀರ್ದಿ, ಅಂದರೆ ದಿನದ ಲೆಕ್ಕ, ಬರೆಯುತ್ತಿದ್ದವರು, ಆಮೇಲೆ ಇಲ್ಲಿಗೆ ಬಂದರು. ಕಂಪ್ಯೂಟರ್ ಮುಟ್ಟುವುದಿಲ್ಲ. ನಾವು ಪ್ರಿಂಟ್ ತೆಗೆದು ಕೊಟ್ಟಿದ್ದನ್ನು ಪೆನ್ಸಿಲ್ ಹಿಡಿದು ಓದುತ್ತಾರೆ.

ನಾನು ಸೇರಿ ಮೂರು ತಿಂಗಳಾಗಿತ್ತು. ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನ ಬಿಲ್ಲುಗಳನ್ನೆಲ್ಲ ಹಾಕಿ ಮುಗಿಸಿ, ಬೀಗುತ್ತಾ ಪ್ರಿಂಟ್ ಕೊಟ್ಟೆ. ಕಾಕಾ ಎರಡನೇ ಹಾಳೆಯಲ್ಲೇ ಪೆನ್ಸಿಲ್ ಇಟ್ಟರು. ಬಿಲ್ಲಿನ ಮೇಲಿದ್ದ ಖರೀದಿದಾರನ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ತೋರಿಸಿ ಕೇಳಿದರು: ‘ಇದೇನೈತಿ, ಓದು.’ 27 ಅಂತ ಓದಿದೆ. ‘ನಮ್ಮದೇನು?’ 29. ‘ಹಂಗಾರ ಈ ಹತ್ತಿ ಎಲ್ಲಿ ಹೋತು?’ ಆಗ ತಲೆಗೆ ಹತ್ತಿತು. ಆ ಎರಡು ಅಂಕಿ ರಾಜ್ಯದ ಗುರುತು. ಮಾಲು ಇಚಲಕರಂಜಿಗೆ ಹೋಗಿದೆ, ಮಹಾರಾಷ್ಟ್ರ. ರಾಜ್ಯ ದಾಟಿದ ಮಾಲಿಗೆ ಐಜಿಎಸ್‌ಟಿ, ಶೇ. 5 ಒಂದೇ ಸಾಲಿನಲ್ಲಿ ಬರಬೇಕು. ನಾನು ರಾಜ್ಯದೊಳಗಿನ ಮಾರಾಟದ ಹಾಗೆ ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಅಂತ ಒಡೆದು ಹಾಕಿದ್ದೆ. ಒಂದಲ್ಲ, ಅಂಥವು ಹನ್ನೊಂದು ಬಿಲ್ಲು. ಕಾಕಾ ಬಯ್ಯಲಿಲ್ಲ. ‘ಲಾರಿ ಎಲ್ಲಿ ಹೊಂಟೈತಿ ಅಂತ ಕಣ್ಣಿಗೆ ಕಾಣಬೇಕ ತಮ್ಮಾ. ಆಮ್ಯಾಲೆ ಟೈಪ್ ಮಾಡು’ ಅಂದರು. ಅವತ್ತು ರಾತ್ರಿ ಕಡೆಯ ಬಸ್ಸಿಗೆ ಗದಗಕ್ಕೆ ಬಂದೆ. ಹನ್ನೊಂದೂ ಸರಿ ಮಾಡಿಯೇ ಎದ್ದಿದ್ದೆ.

ಇನ್ನೊಂದು ವಿದ್ಯೆ ಅವರೇ ಕೊಟ್ಟಿದ್ದು. ಒಂದು ಸಂಜೆ ರೊಕ್ಕದ ಪುಸ್ತಕಕ್ಕೂ ಕಂಪ್ಯೂಟರಿಗೂ 270 ರೂಪಾಯಿ ತಾಳೆ ಬರಲಿಲ್ಲ. ನಾವಿಬ್ಬರು ಹುಡುಗರು ಒಂದು ತಾಸು ಹುಡುಕಿದೆವು. ಕಾಕಾ ಚಹಾ ಕುಡಿಯುತ್ತಲೇ ಕೇಳಿದರು: ‘ಒಂಬತ್ತರಿಂದ ಭಾಗಿಸಿದ್ರ ಹೋಗತೈತೇನು?’ ಹೋಗುತ್ತದೆ, ಮೂವತ್ತು. ‘ಹಂಗಾರ ಯಾವದೋ ಅಂಕಿ ಅದಲಬದಲ ಆಗೈತಿ. ಅದನ್ನಷ್ಟ ಹುಡುಕ್ರಿ.’ ಹತ್ತು ನಿಮಿಷದಲ್ಲಿ ಸಿಕ್ಕಿತು. 4,850 ಇದ್ದದ್ದು 4,580 ಆಗಿ ಕೂತಿತ್ತು. ಪಕ್ಕಪಕ್ಕದ ಎರಡು ಅಂಕಿ ಜಾಗ ಬದಲಿಸಿದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ಐದು ವರ್ಷ ಕಾಮರ್ಸ್ ಓದಿದೆವಲ್ಲ ದೋಸ್ತಾ, ನಮಗೆ ಇದನ್ನು ಯಾರಾದರೂ ಹೇಳಿದ್ದರಾ?

ವ್ಯಾಪಾರಿಗಳೂ ಅಷ್ಟೆ. ಜುಲೈ 18, 2022ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ. 5 ತೆರಿಗೆ ಬಂತು. ಆ ವಾರ ನಮ್ಮ ಆಫೀಸಿನಲ್ಲಿ ನಿಲ್ಲಲು ಜಾಗ ಇರಲಿಲ್ಲ. ವಯಸ್ಸಾದ ಒಬ್ಬ ಅಂಗಡಿಕಾರರು ಖಾಲಿ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಬಂದರು. ಅದನ್ನು ನನ್ನ ಟೇಬಲ್ ಮೇಲೆ ಹಾಸಿ, ‘ಇದಕ್ಕ ಬೀಳತೈತೇನ್ರೀ, ಬಿಚ್ಚಿ ತೂಗಿ ಕೊಟ್ರ ಬೀಳತೈತೇನ್ರೀ’ ಅಂತ ಕೇಳಿದರು. ಬಿಚ್ಚಿ ತೂಗಿ ಕೊಟ್ಟರೆ ಇಲ್ಲ ಅಂತ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಟ್ಟೆ. ಆಮೇಲೆ ಎಷ್ಟೋ ದಿನಕ್ಕೆ ಅವರ ಅಂಗಡಿಗೆ ಹೋದಾಗ ನೋಡುತ್ತೇನೆ, ಆ ಚೀಟಿ ಲಕ್ಷ್ಮಿ ಫೋಟೋದ ಕೆಳಗೆ ಅಂಟಿಸಿಕೊಂಡಿದ್ದರು. ನನ್ನ ಅಕ್ಷರ. ನನಗೆ ಮಾತೇ ಹೊರಡಲಿಲ್ಲ.

ಈಗ ಅಪ್ಪನ ವಿಷಯ. ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬಿಲ್ ಬುಕ್ಕಿನ ಕೆಲಸ ಮಾಡುತ್ತಾರೆ ಅಂತ ನಿನಗೆ ಗೊತ್ತು. ಗದಗಕ್ಕೆ ಮುದ್ರಣ ಕಾಶಿ ಅನ್ನುತ್ತಾರೆ, ಓಣಿಗೊಂದು ಪ್ರೆಸ್ಸು ಇದ್ದ ಊರು. ಅಪ್ಪ ಹಾಳೆ ಜೋಡಿಸುವುದು, ನಂಬರ್ ಹೊಡೆಯುವುದು, ಹೊಲಿಗೆ, ರಟ್ಟು ಎಲ್ಲ ಮಾಡುತ್ತಾರೆ. ನಂಬರ್ ಹೊಡೆಯುವ ಮಷೀನು ಒತ್ತಿದರೆ ಅಂಕಿ ತಾನೇ ಮುಂದೆ ಹೋಗುತ್ತದೆ, ಆದರೂ ಪ್ರತಿ ಐವತ್ತಕ್ಕೊಮ್ಮೆ ನಿಲ್ಲಿಸಿ ಎಣಿಸಿ ನೋಡುವುದು ಅವರ ರೂಢಿ. ಒಂದು ದಿನ ಅಣ್ಣಿಗೇರಿಯ ಒಂದು ಗೊಬ್ಬರದ ಅಂಗಡಿಯ ಬಿಲ್ ಬುಕ್ ನನ್ನ ಟೇಬಲ್ಲಿಗೆ ಬಂತು. ತಳದಲ್ಲಿ ಸಣ್ಣ ಅಕ್ಷರದಲ್ಲಿ ಅಪ್ಪನ ಪ್ರೆಸ್ಸಿನ ಹೆಸರು. ಹಿಂಬದಿ ರಟ್ಟಿನ ಒಳಗೆ, ನೂಲು ಗಂಟು ಹಾಕಿದ ಜಾಗದಲ್ಲಿ, ಪೆನ್ಸಿಲಿನಲ್ಲಿ ಬರೆದ ಒಂದು ‘೫೦’ ಮತ್ತು ಅದರ ಪಕ್ಕ ಒಂದು ಚುಕ್ಕೆ. ಎಣಿಸಿದ ಗುರುತು. ಅಪ್ಪನದೇ ಕೈ. ನಾನು ಆ ಪುಸ್ತಕ ಮುಚ್ಚಲಿಲ್ಲ, ಸುಮ್ಮನೆ ಕೂತೆ. ಅಪ್ಪ ಎಣಿಸಿ ಕಟ್ಟಿದ ಹಾಳೆ ಮೇಲೆ ಯಾರೋ ರೈತ ಕೊಂಡ ಗೊಬ್ಬರ ಬರೆದಿದ್ದಾರೆ, ಅದನ್ನು ನಾನು ಲೆಕ್ಕಕ್ಕೆ ಹಾಕುತ್ತಿದ್ದೇನೆ. ಸಂಜೆ ಮನೆಗೆ ಬಂದು ಹೇಳಿದೆ. ಅಪ್ಪ ಕೇಳಿದ್ದು ಒಂದೇ: ‘ನಂಬರ್ ಬರೋಬ್ಬರಿ ಇದ್ವಿಲ್ಲೋ?’

ಲೆಕ್ಕದ ಕೆಲಸ ಅಂದರೆ ದೊಡ್ಡ ಊರಿನದು, ದೊಡ್ಡ ಕಂಪನಿಯದು ಅಂತ ನಾವು ಕಾಲೇಜಿನಲ್ಲಿ ಮಾತಾಡುತ್ತಿದ್ದೆವು. ಆದರೆ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಶುರುವಾದದ್ದು ನಮ್ಮ ಗದಗದ ಪಕ್ಕದ ಕಣಗಿನಹಾಳದಲ್ಲಿ. ಸಿದ್ದನಗೌಡ ಪಾಟೀಲರು ಊರಿನ ರೈತರನ್ನು ಕೂಡಿಸಿ ಕಟ್ಟಿದ್ದು. ಆ ದಾರಿಯಲ್ಲಿ ನಾವು ಎಷ್ಟು ಸಲ ಸೈಕಲ್ ಹೊಡೆದಿಲ್ಲ! ನಾಲ್ಕು ಮಂದಿ ರೊಕ್ಕ ಒಂದು ಕಡೆ ಇಟ್ಟು, ಪೈಸೆ ಪೈಸೆಗೆ ಲೆಕ್ಕ ಬರೆದು, ಒಬ್ಬರನ್ನೊಬ್ಬರು ನಂಬಿದ ನೆಲ ಅದು. ಅಲ್ಲಿಯವನು ನಾನು ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆ.

ಸಂಜೆಗಳು ಬೇಗ ಮುಗಿಯುತ್ತಿದ್ದವು. ರೈಲಿಗೆ ಹೊತ್ತಿದ್ದರೆ ದುರ್ಗದ ಬೈಲಿನಲ್ಲಿ ಗಿರಮಿಟ್ಟು, ಮಿರ್ಚಿ. ಸಂಬಳದ ವಾರ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಅವ್ವನಿಗೆ ಪೇಢೆ. ಹುಬ್ಬಳ್ಳಿ ಸ್ಟೇಷನ್ನಿನ ಆ 1,507 ಮೀಟರ್ ಪ್ಲಾಟ್‌ಫಾರಂ 2023ರ ಮಾರ್ಚಿನಲ್ಲಿ ಉದ್ಘಾಟನೆ ಆದ ಮೇಲೆ ನಾನೂ ಮೊಬೈಲ್ ರಿಪೇರಿ ಹುಡುಗನೂ ಒಂದು ಸಂಜೆ ಆ ತುದಿಯಿಂದ ಈ ತುದಿಗೆ ನಡೆದೆವು. ಜಗತ್ತಿನಲ್ಲೇ ಉದ್ದದ್ದು ಅಂತ ಅವನು ನೂರು ಸಲ ಹೇಳಿದ. ಅವನ ಮುಖ ನೋಡಬೇಕಿತ್ತು ನೀನು.

ಕಷ್ಟ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಸಂಬಳ ಕಡಿಮೆ, ಅದು ನಿನಗೆ ಗೊತ್ತೇ ಇದೆ. ಪ್ರತಿ ತಿಂಗಳು 11 ಮತ್ತು 20ನೇ ತಾರೀಖು, ಜಿಎಸ್‌ಟಿ ರಿಟರ್ನ್ ಹಾಕುವ ಕಡೆಯ ದಿನಗಳು, ಮನೆಗೆ ಬರುವುದು ಮಧ್ಯರಾತ್ರಿ. ತಂಗಿಯ ಕಾಲೇಜು ಫೀಸಿಗೆ ಎರಡು ಸಲ ಕೈಸಾಲ ಮಾಡಿದ್ದೇನೆ. ಅಪ್ಪನ ಕಣ್ಣಿಗೆ ಇನ್ನು ಜಾಸ್ತಿ ದಿನ ಸಣ್ಣ ಅಂಕಿಯ ಕೆಲಸ ಆಗುವುದಿಲ್ಲ. ನಾನು ಬೆಂಗಳೂರಿಗೆ ಬರುತ್ತಿರುವುದು ಇದಕ್ಕೇ, ಮುಚ್ಚಿಡುವಂಥದ್ದು ಏನೂ ಇಲ್ಲ. ಬರಲು ಮನಸ್ಸಿದೆ. ದೊಡ್ಡ ಲೆಕ್ಕ ಕಲಿಯುವ ಆಸೆಯೂ ಇದೆ. ಆದರೆ ನಾಲ್ಕು ವರ್ಷ ನಾನು ಇಲ್ಲಿ ಬೆಂಗಳೂರಿನ ಗಾಡಿಗೆ ಕಾಯುತ್ತಾ ಕೂತಿರಲಿಲ್ಲ ದೋಸ್ತಾ. ನಾನು ಇಲ್ಲಿ ಬದುಕುತ್ತಿದ್ದೆ.

ಈ ಸಲ ಎಳ್ಳಮಾವಾಸ್ಯೆಗೆ ಮಾವನ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಎರಚಲು, ಹೋಗಿದ್ದೆವು. ಮಾವ ಮುಂದೆ ಎರಚುತ್ತಾ ಹೋದ, ನಾನು ಬುಟ್ಟಿ ಹಿಡಿದು ಹಿಂದೆ. ಊಟಕ್ಕೆ ಕೂತಾಗ ಮಾವ ಕೇಳಿದ: ‘ಅಲ್ಲಿ ನೀ ಬರ್ಯೋದು ಯಾವ ಮಾಲಿನ ಲೆಕ್ಕ?’ ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಸಾಫ್ಟ್‌ವೇರ್ ಅಂದೆ. ‘ಅದನ್ನ ಬೆಳಿಯೋರು ಯಾರು ಅಂತ ಹೋದ ಮ್ಯಾಲೆ ನೋಡಿ ಹೇಳು’ ಅಂದ. ಅವನು ನಿಜವಾಗಿಯೂ ತಿಳಿಯಲು ಕೇಳಿದ್ದು. ನಾನೂ ಹೇಳುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಬಂದ ಮೇಲೆ ನಿನ್ನ ಸಹಾಯ ಬೇಕು.

ಕಾಕಾನಿಗೆ ಕೆಲಸ ಬಿಡುವ ವಿಷಯ ಹೇಳಲು ನಾಲ್ಕು ದಿನ ಬೇಕಾಯಿತು. ಕಡೆಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. ‘ಹೋಗಿ ಬಾ. ಅಲ್ಲೂ ಒಂಬತ್ತು ಒಂಬತ್ತ’ ಅಂದರು. ಆಮೇಲೆ ಎಂದಿನ ಹಾಗೆ ಪ್ರಿಂಟ್ ಕೇಳಿದರು. ನನ್ನ ಜಾಗಕ್ಕೆ ಬರುವ ಹುಡುಗಿಗೆ 27, 29 ಹೇಳಿಕೊಡುವುದು ಈ ವಾರ ನನ್ನ ಪಾಲಿಗೆ ಬಂದಿದೆ. ನರಗುಂದದ ಕಡೆಯವಳು, ಚುರುಕಾಗಿದ್ದಾಳೆ.

ಫೆಬ್ರುವರಿ ಮೊದಲ ಭಾನುವಾರ ಬೆಳಿಗ್ಗೆ ಯಶವಂತಪುರಕ್ಕೆ ಬರುತ್ತೇನೆ. ಎರಡು ಚೀಲ ಇರುತ್ತವೆ. ಒಂದು ಪೂರ್ತಿ ಅವ್ವನದು: ಖಡಕ್ ರೊಟ್ಟಿ ನಲವತ್ತು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಅರ್ಧ ನಿನಗೆ ಅಂತ ಎಣಿಸಿಯೇ ಕಟ್ಟುತ್ತಿದ್ದಾಳೆ. ಮುಟ್ಟಿತೋ ಇಲ್ಲವೋ ಅಂತ ಅವತ್ತೇ ನಿನಗೆ ಫೋನ್ ಮಾಡುತ್ತಾಳೆ. ಮಾತಾಡು, ಬೆಂಗಳೂರಿನ ಸುದ್ದಿ ಎಲ್ಲ ಹೇಳು. ಬಿಡುಗಡೆ ಅನ್ನುವ ಮಾತೊಂದನ್ನು ಮಾತ್ರ ಅವಳ ಮುಂದೆ ಆಡಬೇಡ.

ನಿನ್ನ
ಬೆಟಗೇರಿಯ ಗೆಳೆಯ