ಶಟರ್ ಎಳೆಯುತ್ತಿದ್ದ ಹುಡುಗನಿಗೆ ಥ್ಯಾಂಕ್ಸ್

ಶಿವಾಜಿನಗರದ ಅಕ್ವೇರಿಯಂ ಮೀನಿನ ಅಂಗಡಿಯ ಆ ಹುಡುಗನ ಹೆಸರು ನನಗೆ ಗೊತ್ತಿಲ್ಲ. ಆದ್ರೂ ಥ್ಯಾಂಕ್ಸ್ ಹೇಳಲೇಬೇಕು.

ಅವನ ಹತ್ತಿರವೇ ಎರಡು ಏಂಜೆಲ್ ಮೀನಿನ ಮರಿ ತಂದಿದ್ದೆ. ಮರಿಗಳಿದ್ದ ಕವರನ್ನು ಟ್ಯಾಂಕಿನಲ್ಲಿ ಕಾಲು ಗಂಟೆ ತೇಲಿಬಿಟ್ಟು, ಅದರೊಳಗೆ ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಕವರಿನ ನೀರು ಬೀಳದ ಹಾಗೆ ಬಲೆಯಲ್ಲಿ ಎತ್ತಿ ಬಿಟ್ಟೆ. ಬಿಟ್ಟಿದ್ದೇ ತಡ, ಮನೆಯ ಹಳೇ ಏಂಜೆಲ್ ಅಟ್ಟಾಡಿಸಿ ಕಚ್ಚತೊಡಗಿತು. ಒಂದರ ಬಾಲ ಹರಿದೇಹೋಯಿತು. ಮಗಳು ಅಳೋಕೆ ಶುರು.

ಗಾಬರಿಯಲ್ಲಿ ಅಂಗಡಿಗೆ ಫೋನ್ ಮಾಡಿದೆ. ಅವನು ಶಟರ್ ಎಳೆಯುತ್ತಿದ್ದ, ಸದ್ದು ಕೇಳಿಸುತ್ತಿತ್ತು. "ವಿಡಿಯೋ ಕಾಲ್ ಮಾಡಿ ಸಾರ್" ಅಂದ. ಮೆಟ್ಟಿಲ ಮೇಲೆ ಕೂತು ಟ್ಯಾಂಕ್ ನೋಡಿದ. "ಮೊದ್ಲು ಲೈಟ್ ಆಫ್ ಮಾಡಿ. ಅಕ್ಕಿ ತೊಳೆಯೋ ತೂತಿನ ಬುಟ್ಟಿ ಇದ್ಯಾ? ದೊಡ್ಡ ಮೀನನ್ನ ಹಿಡಿದು ಅದರಲ್ಲಿ ಹಾಕಿ, ಟ್ಯಾಂಕಲ್ಲೇ ನೇತುಹಾಕಿ. ಕಲ್ಲು, ಗಿಡದ ಜಾಗ ಬದಲಾಯಿಸಿ." ಜಾಗ ಬದಲಾದ್ರೆ ಹಳೇ ಮೀನಿಗೆ ತನ್ನ ಏರಿಯಾ ಯಾವುದು ಅಂತಾನೇ ಗೊತ್ತಾಗಲ್ವಂತೆ. ನನ್ನ ಕೈ ನಡುಗುತ್ತಿದ್ದರೂ ಅವನು ಅವಸರ ಮಾಡಲಿಲ್ಲ. ಮಗಳಿಗೂ "ಬಾಲ ಮತ್ತೆ ಬೆಳೆಯತ್ತೆ ಪುಟ್ಟಾ" ಅಂದ.

ಮಾರನೇ ದಿನ ಬುಟ್ಟಿ ತೆಗೆದೆ. ಹಳೇ ಮೀನು ಒಂದೆರಡು ಸಲ ಗದರಿಸಿತು, ಅಷ್ಟೇ. ಈಗ ಮೂರೂ ಒಟ್ಟಿಗೆ ತಿನ್ನುತ್ತಿವೆ. ಬಾಲವೂ ಚಿಗುರುತ್ತಿದೆ, ಫೋಟೋ ಕಳಿಸ್ತೀನಿ ಕಣಪ್ಪ.