ಗುರುವಂದನೆಗೆ ಶಾಲು ಸಾಕು, ಶಾಲೆಗೊಂದು ಗಿಟಾರ್ ಕೊಡೋಣ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟ ತೆಗೆದರೆ ಈಗೀಗ ಗುರುವಂದನೆಯ ಫೋಟೊ ಇಲ್ಲದ ವಾರವೇ ಇಲ್ಲ. ಮುಂದೆ ಕುರ್ಚಿಯಲ್ಲಿ ಶಾಲು ಹೊದ್ದ ಮಾಸ್ತರರು, ಹಿಂದೆ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು, ಹೊಟ್ಟೆ ಒಳಗೆ ಎಳೆದುಕೊಂಡು ನಿಂತ ಹಳೆಯ ವಿದ್ಯಾರ್ಥಿಗಳು. ನೋಡಿದರೆ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿ ಹೋಗುವ ದುಡ್ಡು ಮತ್ತು ವೇಳೆ ಎರಡರ ಬಗ್ಗೆಯೂ ನನ್ನದೊಂದು ತಕರಾರಿದೆ.

ನಮ್ಮದು 1993ರ ಎಸ್‌ಎಸ್‌ಎಲ್‌ಸಿ ಬ್ಯಾಚು, ಬೆಳಗಾವಿಯದೇ ಒಂದು ಹೈಸ್ಕೂಲು. ಈ ಮೇ ತಿಂಗಳಲ್ಲಿ ಎಲ್ಲರೂ ಸೇರಿದ್ದೆವು. ಪುಣೆ, ಬೆಂಗಳೂರು, ದುಬೈ ಅಂತ ಎಲ್ಲೆಲ್ಲಿಂದಲೋ ಬಂದಿದ್ದರು. ಬೆಳಿಗ್ಗೆ ಶುರುವಾದ ಸನ್ಮಾನ ಊಟದ ಹೊತ್ತು ದಾಟಿದರೂ ಮುಗಿಯಲಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಫ್ರೇಮ್ ಹಾಕಿಸಿದ ಅಭಿನಂದನಾ ಪತ್ರ, ಅದನ್ನು ಪೂರ್ತಿ ಓದಿ ಹೇಳುವುದು, ಆಮೇಲೆ ಭಾಷಣ. ಗಣಿತದ ಮಾಸ್ತರರಿಗೆ ಈಗ ಎಂಬತ್ತು ದಾಟಿದೆ. ಪಾಪ, ಕೊರಳ ತುಂಬ ಹಾರ ಹಾಕಿಕೊಂಡು ಬೆವರುತ್ತ ಕೂತಿದ್ದರು. ವೇದಿಕೆ ಹತ್ತಿ ಅವರ ಕಾಲಿಗೆ ಬಿದ್ದವರು ಬಹಳ, ಪಕ್ಕದಲ್ಲಿ ಕೂತು ಮಾತಾಡಿದವರು ಯಾರೂ ಇಲ್ಲ.

ನಿಜವಾದ ಮಾತು ಶುರುವಾಗಿದ್ದು ಶೇಂಗಾ ಹೋಳಿಗೆ ಊಟಕ್ಕೆ ಕೂತಾಗ. ಯಾವ ಸಾಲಿಗೆ ಕಿವಿಗೊಟ್ಟರೂ ಒಂದೇ ವಿಷಯ, ನಮ್ಮ ಬ್ಯಾಂಡು!

ಹೌದು, ಆ ಕಾಲದಲ್ಲೇ ನಮ್ಮ ಶಾಲೆಯಲ್ಲಿ ಒಂದು ರಾಕ್ ಬ್ಯಾಂಡ್ ಇತ್ತು. ಅದರ ಹೆಸರು ಬರೆಯಲು ಈಗ ನಾಚಿಕೆ, ಅದರಲ್ಲಿ ‘ಥಂಡರ್’ ಇತ್ತು ಅಂದರೆ ಸಾಕು. 1991ರಲ್ಲಿ ಸ್ಟಾರ್ ಟಿವಿ ಜೊತೆ ಎಂಟಿವಿ ಬಂದಿತ್ತು. ಗಲ್ಲಿಯಲ್ಲಿ ಕೇಬಲ್ ಎಳೆಸಿಕೊಂಡ ಒಂದೆರಡು ಮನೆಗಳಲ್ಲಿ ನಾವು ಕಿಟಕಿಗೆ ಜೋತುಬಿದ್ದು ಅದನ್ನು ನೋಡುತ್ತಿದ್ದೆವು. ಉದ್ದ ಕೂದಲು ಬಿಟ್ಟವರು ಗಿಟಾರ್ ಬಾರಿಸಿ ಕುಣಿಯುವುದನ್ನು ನೋಡಿ ನಮ್ಮ ನಾಲ್ವರಿಗೆ ಹುಚ್ಚು ಹಿಡಿಯಿತು. ಒಬ್ಬನ ಮನೆಯಲ್ಲಿ ಕನ್ನಡ, ಒಬ್ಬನ ಮನೆಯಲ್ಲಿ ಮರಾಠಿ, ಇನ್ನೊಬ್ಬನದು ಉರ್ದು, ಕ್ಯಾಂಪ್ (ದಂಡು ಪ್ರದೇಶ) ಕಡೆಯ ಹುಡುಗನದು ಕೊಂಕಣಿ. ಹಾಡುತ್ತಿದ್ದ ಇಂಗ್ಲಿಷು ಯಾರಿಗೂ ಪೂರ್ತಿ ಬರುತ್ತಿರಲಿಲ್ಲ, ಹಾಗಾಗಿ ಜಗಳಕ್ಕೆ ಜಾಗವೇ ಇರಲಿಲ್ಲ! ಬೆಳಗಾವಿಯಲ್ಲಿ ಭಾಷೆಯ ಗಲಾಟೆ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಸಾಮಾನು ಹೇಗೆ ಕೂಡಿಸಿದೆವು ಅನ್ನುವುದೇ ದೊಡ್ಡ ಕಥೆ. ಗಿಟಾರ್ ಒಂದೇ. ಅದೂ ಕ್ಯಾಂಪಿನ ಹುಡುಗನ ಕಾಕಾನದು, ಅವರು ಚರ್ಚಿನ ಕೊಯರ್‌ನಲ್ಲಿ ಬಾರಿಸುತ್ತಿದ್ದರು, ಆರು ತಂತಿ ಹೇಗೆ ಶ್ರುತಿ ಮಾಡಬೇಕು ಅಂತ ನಮಗೆ ಕಲಿಸಿದ್ದೂ ಅವರೇ. ತೆಳ್ಳಗಿನ ಮೊದಲ ತಂತಿ ಪದೇ ಪದೇ ಕಡಿಯುತ್ತಿತ್ತು. ಹೊಸ ಸೆಟ್ ತರಲು ನಮ್ಮ ಹತ್ತಿರ ದುಡ್ಡೆಲ್ಲಿತ್ತು? ಮಿರಜ್ ಇಲ್ಲಿಂದ ದೂರವೇನಲ್ಲ, ಸಿತಾರ್ ತಂಬೂರಿ ಮಾಡುವವರ ಊರು, ಗೊತ್ತಲ್ಲ. ಅಲ್ಲಿಗೆ ಹೋಗಿ ಬರುವವರ ಕೈಯಲ್ಲಿ ಸಿತಾರಿನ ಉಕ್ಕಿನ ತಂತಿ ತರಿಸುತ್ತಿದ್ದೆವು. ಕಡಿದ ತಂತಿಯ ತುದಿಯಲ್ಲಿರುವ ಸಣ್ಣ ಹಿತ್ತಾಳೆ ಗುಂಡು ಬಿಚ್ಚಿ ಇದಕ್ಕೆ ಸುತ್ತಿದರೆ ಮುಗಿಯಿತು, ಗಿಟಾರ್‌ಗೆ ಸರಿಯಾಗಿ ಕೂಡುತ್ತಿತ್ತು. ಆಗಸ್ಟ್ 15ರ ಪರೇಡಿಗೆ ಅಂತ ಶಾಲೆಯಲ್ಲಿಟ್ಟಿದ್ದ ಸೈಡ್ ಡ್ರಮ್ಮೇ ನಮ್ಮ ಡ್ರಮ್ ಸೆಟ್ಟು, ಸಿಂಬಲ್ ಬದಲು ಗಣಪತಿ ಮೆರವಣಿಗೆಯ ಝಾಂಜ್. ಬಾರಿಸುವವನ ಓಣಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಬ್ಯಾಂಡಿನಿಂದ ನಿವೃತ್ತರಾದ ಒಬ್ಬರಿದ್ದರು. ಅವರ ಮನೆಯ ಕಟ್ಟೆಯ ಮೇಲೆ ಕೂತು ಕೋಲು ಹಿಡಿಯುವುದು ಕಲಿತು ಬಂದ. ಕೀಬೋರ್ಡ್ ಅಂತೂ ಹಾರ್ಮೋನಿಯಂ, ಪ್ರಾರ್ಥನೆಗೆ ಇಟ್ಟಿದ್ದು.

ಎಂಟಿವಿಯಲ್ಲಿ ಕೇಳಿದ ಆ ಗರಗರ ಧ್ವನಿ ಮಾತ್ರ ಬರುತ್ತಿರಲಿಲ್ಲ. ಗಿಟಾರ್ ಹೊಟ್ಟೆಗೆ ಮೈಕ್ ಕಟ್ಟಿ, ಶಾಲೆಯ ಆಹುಜಾ ಆಂಪ್ಲಿಫೈಯರ್‌ನ ಗುಂಡಿ ಪೂರ್ತಿ ತಿರುಗಿಸಿದಾಗ ಬಂತು ನೋಡಿ! ವಿಜ್ಞಾನದ ಮಾಸ್ತರರು ಓಡಿ ಬಂದರು. ಬೈಯುತ್ತಾರೆ ಅಂದುಕೊಂಡರೆ ಬೋರ್ಡಿನ ಮೇಲೆ ಅಲೆಯ ಚಿತ್ರ ಬರೆದರು. “ಆಂಪ್ಲಿಫೈಯರಿಗೆ ತಾಳಾಕ ಆಗಲಾರದಷ್ಟು ಕೊಟ್ರ ಅದು ಅಲೆಯ ತಲಿ ಮೊಟಕ್ ಮಾಡ್ತದ, ಅದಕ್ಕ ಧ್ವನಿ ಹಂಗ ಒಡೀತದ” ಅಂದರು. ಮೈಕ್ ಸ್ಪೀಕರಿನ ಮುಂದೆ ಹೋದರೆ ಯಾಕೆ ಕುಂಯ್ ಅನ್ನುತ್ತದೆ ಅಂತಲೂ ಅವತ್ತೇ ತಿಳಿಯಿತು. ಆ ಅಲೆಯ ಪಾಠ ನಮ್ಮ ಬ್ಯಾಚಿನಲ್ಲಿ ಯಾರೂ ಇನ್ನೂ ಮರೆತಿಲ್ಲ. ಶನಿವಾರ ಮಧ್ಯಾಹ್ನ ಲ್ಯಾಬಿನ ಕೀಲಿ ನಮಗೆ ಕೊಡಿಸಿದ್ದೂ ಅವರೇ. ಕೀಲಿ ಹಿಡಿದುಕೊಂಡು ಕತ್ತಲಾಗುವವರೆಗೆ ನಮಗಾಗಿ ಕಾದು ಕೂರುತ್ತಿದ್ದವರು ಶಿಪಾಯಿ ಮಾಮಾ, ಅಂದರೆ ಶಾಲೆಯ ಜವಾನರು. ಗುರುವಂದನೆಗೆ ಅವರನ್ನು ಯಾರೂ ಕರೆದಿರಲಿಲ್ಲ. ಇದನ್ನು ಸುಮ್ನೆ ಹೇಳುತ್ತಿಲ್ಲ, ಸಂಘಟಕರಿಗೆ ಮುಟ್ಟಲಿ ಅಂತಲೇ ಬರೆಯುತ್ತಿದ್ದೇನೆ.

ಆ ವರ್ಷದ ಗ್ಯಾದರಿಂಗ್ ದಿನ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ನಮ್ಮ ಬ್ಯಾಂಡಿಗೆ ಸಿಕ್ಕಿದ್ದು ಎರಡು ಹಾಡಿನ ವೇಳೆ. ಮೊದಲ ಹಾಡಿನ ನಡುವೆಯೇ ಕರೆಂಟ್ ಹೋಯಿತು. ಡ್ರಮ್ಮಿನವನು ನಿಲ್ಲಿಸಲಿಲ್ಲ, ಝಾಂಜ್ ನಿಲ್ಲಲಿಲ್ಲ, ಕತ್ತಲಲ್ಲಿ ಇಡೀ ಶಾಲೆ ಚಪ್ಪಾಳೆ ಹೊಡೆಯುತ್ತ ತಾಳ ಹಿಡಿಯಿತು. ಎದುರು ಸಾಲಿನಲ್ಲಿ ಕೂತ ಯಾರದೋ ಅಜ್ಜಿ “ಇದೇನ್ ಹಾಡೋ ಯಪ್ಪಾ, ಒದರಾಟೋ” ಅಂದಿದ್ದು ಎಲ್ಲರಿಗೂ ಕೇಳಿಸಿತ್ತು. ಈ ಮೇ ತಿಂಗಳಲ್ಲಿ ಅದೇ ಮಾತನ್ನು ಬೇರೆ ಬೇರೆ ಸಾಲಿನಲ್ಲಿ ಬೇರೆ ಬೇರೆಯವರು ಹೇಳಿ ನಕ್ಕರು, ಅಜ್ಜಿ ನಮ್ಮ ಮನೆಯವಳೇ ಅಂತ ಮೂರು ಜನ ವಾದಿಸಿದರು.

ಇಷ್ಟು ನೆನಪಿರುವ ಬ್ಯಾಂಡಿಗೆ ಕಾರ್ಯಕ್ರಮ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು ಕಟ್ಟಕಡೆಗೆ, ಶಾಮಿಯಾನದವನು ಕುರ್ಚಿ ಮಡಚಲು ಶುರು ಮಾಡಿದ ಮೇಲೆ. ಅರ್ಧ ಜನ ಬಸ್ ಹಿಡಿಯಲು ಹೋಗಿದ್ದರು. ನಾಲ್ವರಲ್ಲಿ ಒಬ್ಬ ಈಗ ಇಲ್ಲ, ಉಳಿದ ಮೂವರು ಏನೋ ಬಾರಿಸಿದೆವು, ಬಿಡಿ.

ಅವತ್ತು ಶಾಲೆಯಲ್ಲಿ ಸುತ್ತಾಡುವಾಗ ಈಗಿನ ಹತ್ತನೇ ಕ್ಲಾಸಿನ ಇಬ್ಬರು ಹುಡುಗರು ಸಿಕ್ಕರು. ಮೊಬೈಲಿನಲ್ಲಿ ನೋಡಿ ಗಿಟಾರ್ ಕಲಿಯುತ್ತಿದ್ದಾರೆ. ಶಾಲೆಯಲ್ಲಿ ಬಾರಿಸಲು ಬಿಡುವುದಿಲ್ಲವಂತೆ. ಕೇಳಿದ್ದಕ್ಕೆ ‘ನಮ್ಮ ಸಂಸ್ಕೃತಿಯ ವಾದ್ಯ ಅಲ್ಲ, ಬರೀ ಗದ್ದಲ’ ಅನ್ನುವ ಉತ್ತರ ಸಿಕ್ಕಿತಂತೆ. ಇದಕ್ಕೆ ಏನು ಹೇಳುವುದು? ಪ್ರಾರ್ಥನೆಗೆ ನಿತ್ಯ ಬಾರಿಸುವ ಹಾರ್ಮೋನಿಯಂ ಕೂಡ ಯುರೋಪಿನಿಂದಲೇ ಬಂದದ್ದು. ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಅಂತ 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತ್ತು, ಸುಮಾರು ಮೂರು ದಶಕ ಆ ನಿಷೇಧ ಸಡಿಲಾಗಲಿಲ್ಲ. ಅದೇ ಹಾರ್ಮೋನಿಯಂ ನುಡಿಸಿ ಮತ್ತು ಕಲಿಸಿ ನಮ್ಮ ಬೆಳಗಾವಿಯ ಪಂಡಿತ ರಾಂಭಾವು ವಿಜಾಪುರೆ ದೊಡ್ಡ ಹೆಸರು ಮಾಡಿದರು. ಪಿಟೀಲೂ ಹೊರಗಿನದೇ ಅಲ್ವಾ? ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಜಿಲ್ಲೆ ಇದು, ಅವರ ಹೆಸರಿನ ರಂಗಮಂದಿರವೇ ಊರಲ್ಲಿದೆ, ಇಲ್ಲಿ ಇಬ್ಬರು ಹುಡುಗರ ಗಿಟಾರಿಗೆ ಸಂಸ್ಕೃತಿ ಹೆದರಬೇಕಾ?

ಇನ್ನು ಗದ್ದಲದ ಮಾತು. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ಮೆರವಣಿಗೆಯ ಡಾಲ್ಬಿ (ದೊಡ್ಡ ಸ್ಪೀಕರ್ ಸೆಟ್) ಬಂದಾಗ ಕಿಟಕಿ ಗಾಜು ನಡುಗುತ್ತದೆ, ಆಗ ಈ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ. ಶನಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಂದು ಕೋಣೆಯಲ್ಲಿ ಹುಡುಗರು ಬಾರಿಸಿದರೆ ಮಾತ್ರ ತೊಂದರೆ!

ಮುಂದಿನ ಮೇ ತಿಂಗಳಿಗೆ ಈಗಲೇ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿ ದುಡ್ಡು ಕೂಡಿಸುತ್ತಿರುವ ಬ್ಯಾಚಿನವರಿಗೆ ನನ್ನ ಮಾತು ಇಷ್ಟು. ಮಾಸ್ತರರಿಗೆ ಒಂದು ಶಾಲು ಹೊದಿಸಿ, ಅದು ಇರಲಿ. ಹಾರ, ಫ್ರೇಮು, ದೊಡ್ಡ ದೊಡ್ಡ ಬ್ಯಾನರು ಬಿಡಿ, ಅದರಲ್ಲಿ ಉಳಿದ ದುಡ್ಡಲ್ಲಿ ಶಾಲೆಗೆ ಒಂದೆರಡು ಗಿಟಾರ್, ತಬಲಾ, ಒಂದು ಸಣ್ಣ ಆಂಪ್ಲಿಫೈಯರ್ ಕೊಡಿಸಿ. ಕೊಡುವಾಗ ಒಂದು ಕರಾರು ಹಾಕಿ, ಅದು ಹೆಡ್ ಮಾಸ್ತರರ ಕೋಣೆಯ ಕಪಾಟು ಸೇರಬಾರದು, ವಾರಕ್ಕೊಮ್ಮೆ ಮಕ್ಕಳ ಕೈಗೆ ಸಿಗಬೇಕು. ಪ್ರತಿಭಾ ಕಾರಂಜಿಗೆ ಭಾವಗೀತೆ, ಕವ್ವಾಲಿ ಹಾಡಿಸುವಾಗ ಜೊತೆಗೆ ನುಡಿಸಲಿಕ್ಕೂ ಅವು ಬರುತ್ತವೆ.

ನಮ್ಮ ಬ್ಯಾಚಿನಲ್ಲಿ ಉಳಿದ ದುಡ್ಡಿಗೆ ಒಂದು ಗಿಟಾರ್ ಬಂದಿದೆ. ಶಾಲೆಗೆ ಅರ್ಜಿ ಕೊಟ್ಟಿದ್ದೇವೆ, ಆಡಳಿತ ಮಂಡಳಿಯ ಸಭೆ ಆಗಲಿ ಅಂದಿದ್ದಾರೆ. ಗಿಟಾರ್ ಸದ್ಯ ನಮ್ಮ ಮನೆಯಲ್ಲಿದೆ. ಬೇರೆ ಬ್ಯಾಚಿನವರು ಯಾರಾದರೂ ಈಗಾಗಲೇ ಶಾಲೆಗೆ ವಾದ್ಯ ಕೊಟ್ಟಿದ್ದರೆ ಈ ಅಂಕಣಕ್ಕೆ ಬರೆಯಲಿ, ಕೋಣೆಯ ಕೀಲಿ ಈಗ ಯಾರ ಹತ್ತಿರ ಇದೆ ಅನ್ನುವುದನ್ನೂ ಸೇರಿಸಿ.

– ಒಬ್ಬ ಹಳೆಯ ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ