ಕಾರಿನಿಂದ ಇಳಿಯುವ ಮೊದಲು ಹಿಂದಿನ ಸೀಟು ನೋಡಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಬೇಸಿಗೆ ರಜೆ ಹತ್ತಿರ ಬಂತು. ನಿಮ್ಮಲ್ಲಿ ತುಂಬ ಜನ ಕಾರು ಹತ್ತಿ ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿ, ಹುಬ್ಬಳ್ಳಿ ಕಡೆ ಊರಿಗೆ ಹೊರಡುತ್ತೀರಿ. ಅದಕ್ಕೆ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ವಾರ ನಮ್ಮ ಬಾಲವಾಡಿಯ ಒಂದು ಮಗು ಶಾಲೆಯ ವ್ಯಾನಿನ ಕೊನೆಯ ಸೀಟಿನಲ್ಲಿ ನಿದ್ದೆ ಹೋಗಿತ್ತು. ಎಲ್ಲರೂ ಇಳಿದರು ಅಂದುಕೊಂಡು ವ್ಯಾನ್ ಓಡಿಸುವ ಕಾಕಾ ಬಾಗಿಲು ಹಾಕಿ ಚಹಾಕ್ಕೆ ಹೋದರು. ಹಾಜರಿ ತೆಗೆಯುವಾಗ ಟೀಚರಿಗೆ ಅನುಮಾನ ಬಂತು. ಅಣ್ಣ ಬಂದಿದ್ದಾನೆ, ತಂಗಿ ಎಲ್ಲಿ? ಓಡಿಹೋಗಿ ನೋಡಿದೆವು. ಮಗು ಬೆವರಿನಲ್ಲಿ ತೊಯ್ದು ಅಳುತ್ತಿತ್ತು. ಬೇರೇನೂ ಆಗಿರಲಿಲ್ಲ. ಅವಳ ತಾಯಿಯನ್ನು ಅಂದೇ ಕರೆಸಿ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವರ ಒಪ್ಪಿಗೆ ಪಡೆದೇ ಇದನ್ನು ನಿಮಗೆ ತಿಳಿಸುತ್ತಿದ್ದೇನೆ.

ಆ ಕಾಕಾ ನಮ್ಮ ಮಕ್ಕಳನ್ನು ಮೊಮ್ಮಕ್ಕಳ ಹಾಗೆ ನೋಡಿಕೊಳ್ಳುವವರು. ಅವರಿಗೇ ಹೀಗಾಯಿತು. ಪ್ರೀತಿ ಇದ್ದವರಿಗೆ ಮರೆವು ಬರುವುದಿಲ್ಲ ಅಂತ ನಾವು ತಿಳಿದಿದ್ದೇವೆ, ಅಲ್ವಾ? ಹಾಗಲ್ಲ. ದಿನಾ ಅಮ್ಮ ಬಿಡುವ ಮಗುವನ್ನು ಒಂದು ದಿನ ಅಪ್ಪ ಕರೆದುಕೊಂಡು ಹೊರಡುತ್ತಾರೆ. ಮಗು ಹಿಂದೆ ನಿದ್ದೆ ಮಾಡುತ್ತಿದೆ. ನಡುವೆ ಆಫೀಸಿನ ಫೋನು. ಕೈಕಾಲು ಅಭ್ಯಾಸದಂತೆ ಕಾರನ್ನು ನೇರ ಹಿಂಜವಡಿಯ ಆಫೀಸಿಗೆ ಒಯ್ಯುತ್ತವೆ. ಮಗುವನ್ನು ಬಿಟ್ಟಾಯಿತು ಎಂದು ಮನಸ್ಸು ನಂಬಿಬಿಡುತ್ತದೆ. ಅಮೆರಿಕದಲ್ಲಿ 1998ರಿಂದ ಇದರ ಲೆಕ್ಕ ಇಟ್ಟಿದ್ದಾರೆ. ಅಲ್ಲಿ ವರ್ಷಕ್ಕೆ ಸರಾಸರಿ 37 ಮಕ್ಕಳು ಕಾರಿನೊಳಗಿನ ಬಿಸಿಗೆ ಸಾಯುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳನ್ನು ದೊಡ್ಡವರು ಹೀಗೆ ಮರೆತದ್ದು. ಸುಮಾರು ಕಾಲುಭಾಗ ಮಕ್ಕಳು ನಿಂತ ಕಾರಿಗೆ ತಾವೇ ಹತ್ತಿ ಸಿಕ್ಕಿಕೊಂಡವರು. ನಮ್ಮ ಸೊಸೈಟಿಗಳ ಪಾರ್ಕಿಂಗಿನಲ್ಲಿ ಕಣ್ಣಾಮುಚ್ಚಾಲೆ ಆಡುವ ಮಕ್ಕಳು ನೆನಪಿಗೆ ಬರುತ್ತಾರೆ. ದಯವಿಟ್ಟು ಕಾರು ನಿಲ್ಲಿಸಿದ ಮೇಲೆ ಲಾಕ್ ಮಾಡಿ, ಕೀಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷಕ್ಕೆ 10 ಡಿಗ್ರಿ ಏರುತ್ತದೆ. ಕಿಟಕಿ ಎರಡು ಬೆರಳಷ್ಟು ಇಳಿಸಿದರೂ ಹೆಚ್ಚೇನೂ ತಗ್ಗುವುದಿಲ್ಲ. ಪುಟ್ಟ ಮಕ್ಕಳ ಮೈ ನಮ್ಮ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಹೆದ್ದಾರಿ ಹೋಟೆಲಿನ ಮುಂದೆ "ಮಲಗಿದೆ, ಎಬ್ಬಿಸೋದು ಬೇಡ, ಐದು ನಿಮಿಷ" ಅನ್ನಬೇಡಿ. ಎಬ್ಬಿಸಿ, ಎತ್ತಿಕೊಂಡು ಇಳಿಯಿರಿ.

ಈಗ ಕಾರುಗಳೇ ನೆನಪಿಸುತ್ತವೆ, ನಿಜ. ಹೊರಡುವ ಮೊದಲು ಹಿಂದಿನ ಬಾಗಿಲು ತೆರೆದಿದ್ದರೆ, ಎಂಜಿನ್ ಆಫ್ ಮಾಡಿದಾಗ ಕೆಲವು ಕಾರುಗಳು ಸದ್ದು ಮಾಡಿ "ಹಿಂದೆ ನೋಡಿ" ಎನ್ನುತ್ತವೆ. ಆದರೆ ಅವು ಎಣಿಸುವುದು ಬಾಗಿಲನ್ನು, ಮಗುವನ್ನಲ್ಲ. ನಡುವೆ ಪೆಟ್ರೋಲಿಗೆ ನಿಲ್ಲಿಸಿ ಮತ್ತೆ ಹೊರಟರೆ ಕೆಲವು ಕಾರುಗಳಿಗೆ ಅದೂ ಮರೆತುಹೋಗುತ್ತದೆ. ರೇಡಾರ್ ಇರುವ ಕಾರು ಇದಕ್ಕಿಂತ ಎಷ್ಟೋ ಮೇಲು. ಹೊದಿಕೆಯ ಕೆಳಗೆ ಮಗು ಉಸಿರಾಡುವಾಗ ಎದೆ ಏರಿಳಿಯುವುದನ್ನೂ ಅದು ಗುರುತಿಸುತ್ತದೆ. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್ 2023ರಿಂದ ಇಂಥ ವ್ಯವಸ್ಥೆಗೂ ಅಂಕ ಕೊಡುತ್ತಿದೆ. ಇಟಲಿಯಲ್ಲಿ 2019ರಿಂದ ನಾಲ್ಕು ವರ್ಷದೊಳಗಿನ ಮಕ್ಕಳ ಸೀಟಿಗೆ ಎಚ್ಚರಿಕೆ ಸಾಧನ ಕಡ್ಡಾಯ. ಮಗು ಸೀಟಿನಲ್ಲಿ ಇದ್ದಂತೆಯೇ ನೀವು ದೂರ ಹೋದರೆ ಅದು ಕೂಗಿ ತಿಳಿಸುತ್ತದೆ. ನಮ್ಮಲ್ಲಿ ಮಗುವನ್ನು ಇಂಥ ಮಕ್ಕಳ ಸೀಟಿನಲ್ಲಿ ಕೂರಿಸುವವರೇ ಕಡಿಮೆ. ಮೊದಲು ಮಕ್ಕಳ ಸೀಟು ಕೊಳ್ಳಿ ಅಂತ ನಾನು ಹೇಳುತ್ತೇನೆ.

ದಕ್ಷಿಣ ಕೊರಿಯಾದ ಶಾಲಾ ವಾಹನಗಳಲ್ಲಿ ಒಂದು ಗುಂಡಿಯನ್ನು ಕೊನೆಯ ಸೀಟಿನ ಹತ್ತಿರ ಇಟ್ಟಿರುತ್ತಾರೆ. ಎಂಜಿನ್ ಆರಿಸಿದ ಮೇಲೆ ಡ್ರೈವರ್ ಹಿಂದಿನ ತನಕ ನಡೆದು ಅದನ್ನು ಒತ್ತಬೇಕು. ಇಲ್ಲದಿದ್ದರೆ ಸೈರನ್ ಕೂಗುತ್ತದೆ. 2018ರಲ್ಲಿ ಒಂದು ಮಗು ತೀರಿಕೊಂಡ ನಂತರ ಅಲ್ಲಿ ಹೀಗೆ ಮಾಡಿದರು. ಜೂನ್‌ನಲ್ಲಿ ಶಾಲೆ ತೆರೆಯುವಷ್ಟರಲ್ಲಿ ನಮ್ಮ ಮೂರೂ ವ್ಯಾನಿಗೆ ಇಂಥದ್ದೇ ಗುಂಡಿ ಹಾಕಿಸುತ್ತೇವೆ. ಅಲ್ಲಿಯವರೆಗೆ ಮಕ್ಕಳನ್ನು ನೋಡಿಕೊಳ್ಳುವ ಮಾವಶಿ ಕೊನೆಯ ಸೀಟಿನ ತನಕ ಹೋಗಿ, ಕೆಳಗೂ ಬಗ್ಗಿ ನೋಡಿ, ನನ್ನ ರಿಜಿಸ್ಟರಿನಲ್ಲಿ ಸಹಿ ಮಾಡುತ್ತಾರೆ.

ಮಕ್ಕಳಿಗೆ ಹಾರ್ನ್ ಒತ್ತುವುದನ್ನು ಕಲಿಸಿ. ಎಂಜಿನ್ ಆಫ್ ಇದ್ದರೂ ಹೆಚ್ಚಿನ ಕಾರುಗಳಲ್ಲಿ ಅದು ಕೂಗುತ್ತದೆ. ನಿಮ್ಮ ಕಾರಿನಲ್ಲಿ ಒಮ್ಮೆ ನೋಡಿಕೊಳ್ಳಿ. ನಿಮ್ಮ ಬ್ಯಾಗನ್ನೋ ಎಡಗಾಲಿನ ಚಪ್ಪಲಿಯನ್ನೋ ಮಗುವಿನ ಪಕ್ಕ ಇಡಿ. ಬರಿಗಾಲಲ್ಲಿ ಯಾರೂ ಆಫೀಸಿಗೆ ಹೋಗುವುದಿಲ್ಲ.

ಇನ್ನೊಂದು ಕೆಲಸ ನೀವೂ ನಾವೂ ಸೇರಿ ಮಾಡೋಣ. ಮಗು ಬರುವುದಿಲ್ಲವಾದರೆ ಬೆಳಿಗ್ಗೆ 8ರೊಳಗೆ ಟೀಚರಿಗೆ ಮೆಸೇಜ್ ಹಾಕಿ. ಮೆಸೇಜೂ ಇಲ್ಲ, ಮಗುವೂ ಇಲ್ಲ ಎಂದಾದರೆ 8:30ಕ್ಕೆ ನಾವೇ ಫೋನ್ ಮಾಡುತ್ತೇವೆ. ನೀವು ಎತ್ತದಿದ್ದರೆ ಮನೆಯ ಇನ್ನೊಬ್ಬರಿಗೆ ಮಾಡುತ್ತೇವೆ, ಯಾರಾದರೂ ಎತ್ತುವ ತನಕ ಬಿಡುವುದಿಲ್ಲ. ಆ ಎರಡನೇ ನಂಬರನ್ನು ಶನಿವಾರದೊಳಗೆ ಮಗುವಿನ ಡೈರಿಯಲ್ಲಿ ಬರೆದು ಕಳಿಸಿ.

ನಿಮ್ಮ,
ಮುಖ್ಯೋಪಾಧ್ಯಾಯಿನಿ
ಪುಣೆ